ಬೆಳಗಿನ ಕಾಫಿ ಎಷ್ಟು ಹೊತ್ತಿಗೆ?

ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಭಾನುವಾರ ಬರುವವರಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರೇ ಹೆಚ್ಚು. ಕಾಲಭೈರವೇಶ್ವರನ ಕಲ್ಲಿನ ಗುಡಿಗೆ ಒಂದು ಸುತ್ತು ಬಂದು, ಗುಡ್ಡದ ತುದಿಯಲ್ಲಿ ಮಂಜಿನೊಳಗೆ ನಿಂತು ಫೋಟೊ ತೆಗೆದುಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕತ್ತಲಾಗುವ ಮೊದಲು ಹೊರಟುಬಿಡುತ್ತಾರೆ. ಅವರು ಬಂದ ದಾರಿಯಲ್ಲೇ, ಟಾರು ರಸ್ತೆಯಿಂದ ಒಂದೆರಡು ಫರ್ಲಾಂಗು ಒಳಗೆ, ಕಾಫಿ ಗಿಡಗಳ ನಡುವೆ ಹೆಂಚಿನ ಮನೆಗಳಿವೆ. ಅಂಥ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವುದು ಇಬ್ಬರೇ, ಕೆಲವು ಕಡೆ ಒಬ್ಬರೇ. ಅವರ ಮಕ್ಕಳೂ ಬೆಂಗಳೂರಿನಲ್ಲೇ ಇದ್ದಾರೆ.

ಇದು ಬರೀ ಕಣ್ಣಂದಾಜಿನ ಮಾತಲ್ಲ. 2001ರ ಜನಗಣತಿಯಲ್ಲಿ 11.41 ಲಕ್ಷವಿದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11.38 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15ಕ್ಕಿಂತ ಹೆಚ್ಚು ಏರಿತ್ತು. ಓದಲು ಹೋದವರು ಅಲ್ಲೇ ಕೆಲಸ ಹಿಡಿದು ನಿಂತರು. 2011ರಲ್ಲೇ ಕರ್ನಾಟಕದಲ್ಲಿ 60 ದಾಟಿದವರ ಪಾಲು ಶೇ 9.5 ಇತ್ತು, ದೇಶದ ಸರಾಸರಿ ಶೇ 8.6. ಹುಡುಗರು ಊರು ಬಿಡುವ ಮಲೆನಾಡಿನಲ್ಲಿ ಈ ಪಾಲು ಮನೆ ಮನೆಯಲ್ಲೂ ಕಣ್ಣಿಗೆ ಬೀಳುತ್ತದೆ.

ಮಕ್ಕಳು ನೋಡಿಕೊಳ್ಳಲಿಲ್ಲ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಿಬಿಡುವುದು ನ್ಯಾಯವಲ್ಲ. ಇಲ್ಲಿ ಪಕ್ಕದ ಮನೆ ಎಂದರೆ ಕೂಗಿದರೂ ಕೇಳಿಸದಷ್ಟು ದೂರ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಟವರಿನ ಬ್ಯಾಟರಿ ಮುಗಿದರೆ ಮೊಬೈಲೂ ಸುಮ್ಮನಾಗುತ್ತದೆ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ ತೋಟಗಳೇ ಹೋದವು. ಚಾರ್ಮಾಡಿ ಘಾಟಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡಿದ್ದವರಿಗೆ ಹತ್ತಿರದ ದಾರಿ ಇಲ್ಲವಾಯಿತು. ಸಂಜೆ ಆರರ ಮೇಲೆ ಆನೆಯ ಭಯಕ್ಕೆ ಅಂಗಳಕ್ಕೂ ಇಳಿಯದ ಊರುಗಳಿವೆ. ಇಂಥ ಕಡೆ ಎಂಬತ್ತು ದಾಟಿದ ಒಬ್ಬರನ್ನು ಒಂಟಿಯಾಗಿ ಬಿಟ್ಟಿರುವುದಕ್ಕಿಂತ ನಾಲ್ಕು ಜನರಿರುವ ಕಡೆ ಇಡುವುದು ವಾಸಿ ಎಂದು ಮಕ್ಕಳಿಗೆ ಅನಿಸಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಹಾಗಾಗಿ ಕಾಫಿ ಸೀಮೆಯ ಮನೆಗಳಲ್ಲೂ ವೃದ್ಧಾಶ್ರಮದ ಮಾತು ಈಗ ಬರುತ್ತಿದೆ. ತಿಂಗಳಿಗೆ ಎಷ್ಟು, ಡಾಕ್ಟರು ಬರುತ್ತಾರಾ, ರೂಮಿಗೇ ಬಾತ್‌ರೂಮು ಇದೆಯಾ ಎಂದು ಮಕ್ಕಳು ವಿಚಾರಿಸುತ್ತಾರೆ. ವಿಚಾರಿಸಲೇಬೇಕು. ಆದರೆ ಆರು ತಿಂಗಳು ಕಳೆದ ಮೇಲೆ ಅಪ್ಪ ಅಮ್ಮ ಅಲ್ಲಿ ನೆಮ್ಮದಿಯಾಗಿದ್ದಾರಾ ಇಲ್ಲವಾ ಎಂಬುದು ಇಷ್ಟರಲ್ಲೇ ತೀರ್ಮಾನವಾಗುವುದಿಲ್ಲ. ಅದು ಇನ್ನೂ ಚಿಕ್ಕ ಚಿಕ್ಕ ಸಂಗತಿಗಳಲ್ಲಿ ಅಡಗಿರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಕುಡಿದು ಅಭ್ಯಾಸವಾದವರಿಗೆ ಅಲ್ಲಿ ಕಾಫಿ ಸಿಗುವುದು ಎಷ್ಟು ಹೊತ್ತಿಗೆ? ಆ ಹೊತ್ತನ್ನು ಗೊತ್ತು ಮಾಡುವವರು ಯಾರು?

ಅಲ್ಲಿರುವವರನ್ನೇ ಕೇಳಿದರೆ ತಿಳಿಯುವುದಿಲ್ಲವೇ ಎನ್ನಬಹುದು. ಕೇಳಿದರೆ ಬರುವ ಉತ್ತರ ಎಲ್ಲ ಕಡೆ ಒಂದೇ: ‘ಏನೂ ತೊಂದ್ರೆ ಇಲ್ಲ, ಚೆನ್ನಾಗೇ ನೋಡ್ಕೊಳ್ತಾರೆ.’ ಈ ಉತ್ತರವನ್ನು ನಂಬಿ ಎದ್ದುಬರುವವರೇ ಹೆಚ್ಚು. ಹಿರಿಯರ ಆರೈಕೆಯನ್ನು ಅಧ್ಯಯನ ಮಾಡುವವರಿಗೆ ಇದು ಹಳೆಯ ತಲೆನೋವು. ಆರೈಕೆ ಕೇಂದ್ರಗಳ ತೃಪ್ತಿ ಸಮೀಕ್ಷೆಗಳಲ್ಲಿ ಅಂಕ ಯಾವಾಗಲೂ ಮೇಲೆಯೇ ಇರುತ್ತದೆ. ದೂರು ಹೇಳಿದರೆ ರಾತ್ರಿ ಬೆಲ್ಲು ಒತ್ತಿದಾಗ ತಡವಾಗಿ ಬಂದಾರು ಎಂಬ ಅಳುಕು ಒಬ್ಬರಿಗೆ. ಮಗ ಕಷ್ಟಪಟ್ಟು ದುಡ್ಡು ಕಟ್ಟುತ್ತಿದ್ದಾನೆ, ಅವನ ಮನಸ್ಸು ನೋಯಿಸುವುದು ಬೇಡ ಎಂಬ ಸಂಕೋಚ ಇನ್ನೊಬ್ಬರಿಗೆ. ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳುವವರೂ ಇದ್ದಾರೆ. ಹೇಗಿದೆ ಎಂದು ಕೇಳುವುದಕ್ಕಿಂತ ನಿನ್ನೆ ಏನಾಯಿತು ಎಂದು ಕೇಳುವುದು ಮೇಲು. ನಿನ್ನೆ ಎಷ್ಟು ಹೊತ್ತಿಗೆ ಎದ್ದಿರಿ, ಸ್ನಾನ ಯಾರು ಮಾಡಿಸಿದರು, ಸಂಜೆ ಯಾರ ಜೊತೆ ಮಾತಾಡಿದಿರಿ ಎಂದು ಕೇಳುತ್ತಾ ಹೋದರೆ ಒಂದೊಂದೇ ಹೊರಬರುತ್ತದೆ.

ಅಮೆರಿಕದಲ್ಲಿ 1985ರಲ್ಲಿ, ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳ ಸುಧಾರಣೆಗೆ ಹೋರಾಡುತ್ತಿದ್ದ ನಾಗರಿಕರ ಒಕ್ಕೂಟವೊಂದು 15 ನಗರಗಳಲ್ಲಿ 450ಕ್ಕೂ ಹೆಚ್ಚು ನಿವಾಸಿಗಳನ್ನೇ ಕೂರಿಸಿಕೊಂಡು ಒಳ್ಳೆಯ ಆರೈಕೆ ಎಂದರೆ ನಿಮಗೆ ಏನು ಎಂದು ಕೇಳಿತು. ಅಲ್ಲಿಯವರೆಗೆ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವರು ಡಾಕ್ಟರುಗಳು ಮತ್ತು ತಪಾಸಣೆ ಅಧಿಕಾರಿಗಳು. ನಿವಾಸಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಕೈಹಿಡಿದು ನೋಡಿಕೊಳ್ಳುವ ಸಿಬ್ಬಂದಿಯ ನಡವಳಿಕೆ. ಊಟ, ಕಟ್ಟಡ, ಮನರಂಜನೆಯೆಲ್ಲ ಆಮೇಲೆ. ಅಲ್ಲಿಂದ ಎರಡೇ ವರ್ಷಕ್ಕೆ, 1987ರಲ್ಲಿ, ಅಮೆರಿಕ ನರ್ಸಿಂಗ್ ಹೋಮ್ ಸುಧಾರಣಾ ಕಾಯಿದೆ ತಂದಿತು. ಹಾಸಿಗೆಗೆ ಕುರ್ಚಿಗೆ ಕಟ್ಟಿಹಾಕುವ ಅಭ್ಯಾಸಕ್ಕೆ ಕಡಿವಾಣ ಬಿತ್ತು, ನಿವಾಸಿಗಳು ತಮ್ಮದೇ ಸಭೆ ಸೇರಿ ದೂರು ಹೇಳುವ ಹಕ್ಕು ಬಂತು.

ಆದರೆ ಒಳ್ಳೆಯ ನಡವಳಿಕೆಯಷ್ಟೇ ಸಾಲದು ಎಂಬುದನ್ನು ಅದಕ್ಕೂ ಮೊದಲೇ ಒಂದು ಪ್ರಯೋಗ ತೋರಿಸಿಕೊಟ್ಟಿತ್ತು. 1976ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಕನೆಕ್ಟಿಕಟ್ ರಾಜ್ಯದ ಆರ್ಡನ್ ಹೌಸ್ ಎಂಬ ನರ್ಸಿಂಗ್ ಹೋಮ್ ಅನ್ನು ಆರಿಸಿಕೊಂಡರು. ಒಂದು ಮಹಡಿಯವರಿಗೆ ವ್ಯವಸ್ಥಾಪಕರು, ಕೋಣೆಯನ್ನು ಹೇಗೆ ಜೋಡಿಸಿಕೊಳ್ಳಬೇಕೆಂಬುದು ನಿಮ್ಮ ಇಷ್ಟ, ದಿನ ಹೇಗೆ ಕಳೆಯಬೇಕೆಂಬುದೂ ನಿಮ್ಮ ಇಷ್ಟ ಎಂದು ಹೇಳಿ ಕುಂಡದ ಗಿಡಗಳನ್ನು ಮುಂದಿಟ್ಟರು. ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಬಹುದು, ನೀರು ಹಾಕುವುದು ಅವರದೇ ಹೊಣೆ. ವಾರದ ಸಿನಿಮಾವನ್ನು ಗುರುವಾರ ನೋಡುವುದೋ ಶುಕ್ರವಾರ ನೋಡುವುದೋ ಅದೂ ಅವರಿಗೇ ಬಿಟ್ಟದ್ದು. ಇನ್ನೊಂದು ಮಹಡಿಯವರಿಗೆ ಹೇಳಿದ ಮಾತೂ ಅಷ್ಟೇ ಸಿಹಿಯಾಗಿತ್ತು: ನಿಮ್ಮನ್ನು ಸಂತೋಷವಾಗಿಡುವುದು ನಮ್ಮ ಜವಾಬ್ದಾರಿ. ಅವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುತ್ತಿದ್ದವರು ನರ್ಸುಗಳು. ಸಿನಿಮಾದ ದಿನವನ್ನೂ ಅವರೇ ಗೊತ್ತು ಮಾಡಿದರು.

ಮೂರು ವಾರದ ಮೇಲೆ ಅಳೆದು ನೋಡಿದರೆ ಮೊದಲ ಗುಂಪಿನ ಶೇ 93ರಷ್ಟು ಜನ ಮೊದಲಿಗಿಂತ ಚುರುಕಾಗಿದ್ದರು. ಎರಡನೆಯ ಗುಂಪಿನ ಶೇ 71ರಷ್ಟು ಜನ ಇನ್ನಷ್ಟು ಕುಗ್ಗಿದ್ದರು. ಎರಡೂ ಮಹಡಿಯವರು ಇದ್ದದ್ದು ಒಂದೇ ನರ್ಸಿಂಗ್ ಹೋಮಿನಲ್ಲಿ. ಹದಿನೆಂಟು ತಿಂಗಳ ನಂತರದ ಲೆಕ್ಕದಲ್ಲಿ ಮೊದಲ ಗುಂಪಿನಲ್ಲಿ ತೀರಿಕೊಂಡವರು ಶೇ 15, ಎರಡನೆಯದರಲ್ಲಿ ಶೇ 30. ಗುಂಪು ಚಿಕ್ಕದು, ಒಟ್ಟು ನೂರು ಜನವೂ ಇರಲಿಲ್ಲ. ಸಾವಿನ ಅಂಕಿಯ ಲೆಕ್ಕಾಚಾರಕ್ಕೆ ಸಂಶೋಧಕರೇ ಆಮೇಲೆ ತಿದ್ದುಪಡಿ ಪ್ರಕಟಿಸಿದರು. ಆದ್ದರಿಂದ ಗಿಡ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಯಾರೂ ಸಾರಬೇಕಿಲ್ಲ. ಎಲ್ಲವನ್ನೂ ಮಾಡಿಕೊಡುವ ಪ್ರೀತಿ ಮನುಷ್ಯನನ್ನು ಮೆತ್ತಗೆ ಕುಗ್ಗಿಸಲೂಬಹುದು ಎಂಬ ಎಚ್ಚರಿಕೆ ಮಾತ್ರ ಅದರಲ್ಲಿ ಸ್ಪಷ್ಟವಾಗಿದೆ.

ಕಾಫಿ ಸೀಮೆಯ ಹಿರಿಯರಿಗೆ ಇದು ಬೇಗ ಅರ್ಥವಾಗುವ ಮಾತು. ಯಾವ ಮರದ ನೆರಳು ಕಡಿಯಬೇಕು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಕೊಯ್ಲಿಗೆ ಎಷ್ಟು ಆಳು ಹೇಳಬೇಕು ಎಂದು ಐವತ್ತು ವರ್ಷ ತೀರ್ಮಾನ ಮಾಡುತ್ತಾ ಬಂದವರು ಅವರು. ಅಂಥವರನ್ನು ಸ್ವಚ್ಛವಾದ ಕೋಣೆಯಲ್ಲಿ ಕೂರಿಸಿ ನೀವೇನೂ ಯೋಚನೆ ಮಾಡಬೇಡಿ ಎಂದರೆ ಮೂರನೆಯ ದಿನಕ್ಕೇ ಮುಖ ಬಾಡುತ್ತದೆ. ಒಂದು ಸಾಲು ಬಾಳೆ, ನಾಲ್ಕು ಮೆಣಸಿನ ಬಳ್ಳಿ, ಒಂದು ತೊಂಡೆ ಚಪ್ಪರ ಅವರ ಸುಪರ್ದಿಗೆ ಬಂದರೆ ಬೆಳಿಗ್ಗೆ ಎದ್ದು ಹೊರಗೆ ಬರಲು ಒಂದು ಕಾರಣವಾದರೂ ಇರುತ್ತದೆ.

ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯರು 1991ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅವರು ಹೊಣೆ ಹೊತ್ತಿದ್ದ ಚೇಸ್ ಮೆಮೋರಿಯಲ್ ನರ್ಸಿಂಗ್ ಹೋಮ್‌ನಲ್ಲಿ ಔಷಧಿಗೆ ಕೊರತೆಯಿರಲಿಲ್ಲ. ಅವರ ಪ್ರಕಾರ ಅಲ್ಲಿನವರನ್ನು ಕೊಲ್ಲುತ್ತಿದ್ದದ್ದು ಬೇಸರ, ಒಂಟಿತನ, ಅಸಹಾಯಕತೆ. ಮೇಲಿನವರ ಜೊತೆ ವಾದಿಸಿ ಅವರು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಣಿಗಳಿಗೆ ಅನುಮತಿ ಪಡೆದರು. ಗಿಣಿಗಳು ಬಂದ ದಿನ ಪಂಜರ ಬಂದಿರಲಿಲ್ಲ. ತಂದವನು ಅವನ್ನೆಲ್ಲ ಕಟ್ಟಡದ ಕ್ಷೌರದ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋದ. ಪಂಜರ ಬಂದ ಮೇಲೆ ಸಿಬ್ಬಂದಿ ಒಳಗೆ ನುಗ್ಗಿ ಹಕ್ಕಿ ಹಿಡಿಯಲು ಪರದಾಡುವುದನ್ನು ಗಾಜಿನ ಹೊರಗೆ ನಿಂತ ನಿವಾಸಿಗಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಾ ನೋಡಿದರು. ಮುಂದೆ ಮಾತು ಬಿಟ್ಟಿದ್ದ ಕೆಲವರು ಮಾತಾಡತೊಡಗಿದರು, ನಾಯಿಯನ್ನು ತಿರುಗಾಡಿಸಲು ತಾವೇ ಮುಂದೆ ಬಂದರು. ಹತ್ತಿರದ ಇನ್ನೊಂದು ನರ್ಸಿಂಗ್ ಹೋಮ್‌ಗೆ ಹೋಲಿಸಿದರೆ ಇಲ್ಲಿ ಒಬ್ಬೊಬ್ಬರಿಗೆ ಬರೆಯುವ ಔಷಧಿ ಅರ್ಧಕ್ಕೆ ಇಳಿಯಿತು. ಡಾ. ಅತುಲ್ ಗವಾಂಡೆ 2014ರ ತಮ್ಮ ‘ಬೀಯಿಂಗ್ ಮಾರ್ಟಲ್’ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಮಲೆನಾಡಿನಲ್ಲಿ ನಾಯಿ ಇಲ್ಲದ ಮನೆ ಹುಡುಕಬೇಕು. ಆದರೂ ಹಿರಿಯರು ಮನೆ ಬಿಟ್ಟು ಹೋಗುವಾಗ ನಾಯಿಯ ಗತಿ ಏನು ಎಂದು ಕೇಳುವವರು ಅವರೊಬ್ಬರೇ.

ಇನ್ನು ಅತಿಥಿಗಳ ವಿಷಯ. ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಹಣ್ಣು ಹಂಚುವುದು, ಮದುವೆ ವಾರ್ಷಿಕೋತ್ಸವಕ್ಕೆ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮ ಊರುಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಅದಕ್ಕೆ ಅಡ್ಡಿಯಿಲ್ಲ. ಆದರೆ ರಿಚರ್ಡ್ ಶುಲ್ಜ್ ಎಂಬ ಸಂಶೋಧಕರ ಪ್ರಯೋಗವನ್ನು ಇಂಥ ದಾನಿಗಳು ತಿಳಿದಿರಬೇಕು. ಉತ್ತರ ಕೆರೊಲೈನಾದ ಡರ್ಹಮ್‌ನಲ್ಲಿ ನಿವೃತ್ತರ ವಸತಿಯೊಂದಕ್ಕೆ ಅವರು ಕಾಲೇಜು ವಿದ್ಯಾರ್ಥಿಗಳನ್ನು ಎರಡು ತಿಂಗಳು ಕಳಿಸಿದರು. ವಿದ್ಯಾರ್ಥಿ ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ತಾವೇ ಗೊತ್ತು ಮಾಡಿದ ಹಿರಿಯರೂ, ಬರುವ ಹೊತ್ತು ಮೊದಲೇ ತಿಳಿದಿದ್ದ ಹಿರಿಯರೂ ಗೆಲುವಾದರು. ಹೇಳದೆ ಕೇಳದೆ ಯಾರೋ ಬಂದುಹೋದವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. 1976ರಲ್ಲಿ ಪ್ರಕಟವಾದ ಭಾಗ ಇಷ್ಟು. ನೋವಿನ ಭಾಗ 1978ರಲ್ಲಿ ಹೊರಬಂತು. ಪ್ರಯೋಗ ಮುಗಿದು ವಿದ್ಯಾರ್ಥಿಗಳು ಬರುವುದು ನಿಂತ ಮೇಲೆ, ಹೆಚ್ಚು ಗೆಲುವಾಗಿದ್ದವರೇ ಹೆಚ್ಚು ಕುಸಿದಿದ್ದರು. ವರ್ಷಕ್ಕೊಮ್ಮೆ ಐವತ್ತು ಜನ ಗುಂಪಾಗಿ ಬಂದು ಹಾಡು ಹೇಳಿ ಹೋಗುವುದಕ್ಕಿಂತ, ಒಬ್ಬ ಶಾಲಾ ಹುಡುಗಿ ಪ್ರತಿ ಬುಧವಾರ ನಾಲ್ಕು ಗಂಟೆಗೆ ಬಂದು ಪೇಪರು ಓದಿ ಹೇಳುವುದು ಹೆಚ್ಚು ಬಾಳುತ್ತದೆ. ಬರುವುದಾಗಿ ಹೇಳಿದ ಮೇಲೆ ಬರಲೇಬೇಕು.

ಹಿರಿಯರಿಗೆ ಬೇಕಾದದ್ದೂ ನೋಡಿಕೊಳ್ಳುವವರು ಅವರಿಗೆ ಬೇಕು ಎಂದುಕೊಂಡದ್ದೂ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ರೋಸಲಿ ಕೇನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. 135 ನಿವಾಸಿಗಳನ್ನೂ ಹೆಚ್ಚುಕಡಿಮೆ ಅಷ್ಟೇ ಸಹಾಯಕಿಯರನ್ನೂ ಅವರು ಮಾತಾಡಿಸಿದರು. ಸಹಾಯಕಿಯರು ಆಟ, ಹಾಡು, ಕಾರ್ಯಕ್ರಮಗಳಿಗೆ ಮಹತ್ವ ಕೊಟ್ಟರು. ನಿವಾಸಿಗಳಿಗೆ ಮುಖ್ಯವಾಗಿದ್ದದ್ದು ಫೋನು, ಮತ್ತು ಆಗೀಗ ಹೊರಗೆ ಹೋಗಿಬರುವುದು. ಏಳುವ ಹೊತ್ತು, ಮಲಗುವ ಹೊತ್ತು, ಊಟ, ಜೊತೆಗಿರುವವರು ಯಾರು, ಕೈಯಲ್ಲಿ ಸ್ವಲ್ಪ ಕಾಸು ಇವೆಲ್ಲದರ ಮೇಲೆ ತಮ್ಮ ಮಾತು ನಡೆಯಬೇಕೆಂಬ ಆಸೆ ಎಲ್ಲರದ್ದೂ ಆಗಿತ್ತು.

ಹೊರಗೆ ಹೋಗಿಬರುವುದು ಎಂದರೆ ಇಲ್ಲಿ ದೊಡ್ಡ ಪ್ರವಾಸವೇನೂ ಬೇಕಾಗಿಲ್ಲ. ಬಣಕಲ್ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿಕೊಂಡು, ಸಂತೆಯಲ್ಲಿ ಎಲೆ ಅಡಿಕೆ ತೆಗೆದುಕೊಂಡು, ಗುರುತಿನವರು ಇಬ್ಬರು ಸಿಕ್ಕರೆ ಈ ಸಲ ಕಾಫಿಗೆ ರೇಟು ಎಷ್ಟು, ಯಾರ ತೋಟಕ್ಕೆ ಆನೆ ನುಗ್ಗಿತು ಎಂದು ಮಾತಾಡಿ ಬಂದರೆ ಆ ವಾರಕ್ಕೆ ಸಾಕು. ಊರ ಸುಗ್ಗಿ, ಕಳಸೇಶ್ವರನ ತೇರು, ನೆಂಟರ ಮನೆಯ ಸಾವು ಇವಕ್ಕೆ ಹೋಗಲಾಗದೆ ಇದ್ದರೆ ಅವರು ಬಹಳ ನೊಂದುಕೊಳ್ಳುತ್ತಾರೆ. ಸಾವಿನ ಸುದ್ದಿಯನ್ನು ಮುಚ್ಚಿಡುವುದು ಒಳ್ಳೆಯದು ಎಂದು ಮಕ್ಕಳೂ ಆಶ್ರಮದವರೂ ಸೇರಿ ನಿರ್ಧರಿಸುವುದುಂಟು. ಅರವತ್ತು ವರ್ಷದ ಗೆಳತಿ ಹೋದದ್ದನ್ನು ಮೂರು ತಿಂಗಳ ಮೇಲೆ ಯಾರದೋ ಬಾಯಲ್ಲಿ ಕೇಳುವ ಸಂಕಟವನ್ನು ಅವರ ಜಾಗದಲ್ಲಿ ನಿಂತು ಯೋಚಿಸಬೇಕು. ಮಳೆಗಾಲದ ಮೂರು ತಿಂಗಳಂತೂ ಹೊರಗೆ ಕಾಲಿಡುವುದೇ ಕಷ್ಟ. ಆದ್ದರಿಂದ ಈ ಕಡೆಯ ಕಟ್ಟಡಕ್ಕೆ ರಸ್ತೆ ಕಾಣುವ ಉದ್ದನೆಯ ಜಗಲಿ ಬೇಕು. ಹಿಂದಿನ ಹೂದೋಟ ಎಷ್ಟು ಚಂದವಿದ್ದರೂ ಬಸ್ಸು ಬರುವುದು, ಯಾರೋ ಕೊಡೆ ಮಡಚಿ ಒಳಗೆ ಬರುವುದು ಕಾಣುವ ಜಾಗದಲ್ಲೇ ಕುರ್ಚಿಗಳು ತುಂಬುತ್ತವೆ.

ಸ್ನಾನದ ಮಾತು ಯಾರೂ ಆಡುವುದಿಲ್ಲ. ಆಡಬೇಕಾದ್ದು ಅದೇ. ತೋಟದಲ್ಲಿ ದುಡಿದವರು ಸ್ನಾನ ಮಾಡುವುದು ಸಂಜೆ. ಬಚ್ಚಲೊಲೆಗೆ ಕಾಫಿ ಗಿಡದ ಕಸಿ ಕಡ್ಡಿ, ಒಣಗಿದ ಸಿಲ್ವರ್ ಓಕ್ ಕೊಂಬೆ ತುರುಕಿ, ಹಂಡೆಯಲ್ಲಿ ನೀರು ಕುದಿಬಂದು, ಹೊಗೆಯ ವಾಸನೆಯ ನಡುವೆ ಬೆನ್ನಿಗೆ ಬಿಸಿನೀರು ಹುಯ್ದುಕೊಂಡರೆ ಅಂದಿನ ಮೈಕೈ ನೋವು ಇಳಿಯಿತು. ಇಡೀ ಆಯುಸ್ಸು ಹೀಗೆ ಸ್ನಾನ ಮಾಡಿದವರನ್ನು ಆಶ್ರಮದಲ್ಲಿ ಬೆಳಗಿನ ಜಾವ ಎಬ್ಬಿಸುತ್ತಾರೆ. ಇಬ್ಬರೇ ಆಯಾಗಳು, ಇಪ್ಪತ್ತು ಜನ, ಎಂಟು ಗಂಟೆಗೆ ತಿಂಡಿ; ಇನ್ನೇನು ಮಾಡಲು ಸಾಧ್ಯ? ಸರದಿಯಲ್ಲಿ ಒಬ್ಬೊಬ್ಬರನ್ನಾಗಿ ಸ್ಟೂಲಿನ ಮೇಲೆ ಕೂರಿಸಿ, ಐದು ನಿಮಿಷದಲ್ಲಿ ಮುಗಿಸಿ, ಚಳಿಗೆ ನಡುಗುತ್ತಿರುವಾಗಲೇ ಬಟ್ಟೆ ಹಾಕಬೇಕು. ಬಾಗಿಲು ಅರ್ಧ ತೆರೆದೇ ಇರುತ್ತದೆ. ಆಯಾ ಕೆಟ್ಟವಳಲ್ಲ, ಅವಳಿಗೆ ಹೊತ್ತಿಲ್ಲ. ಅವಳ ಜೊತೆಗೆ ಇನ್ನೊಬ್ಬಳನ್ನು ಕೊಟ್ಟು, ಯಾರು ಬೆಳಿಗ್ಗೆ ಯಾರು ಸಂಜೆ ಎಂದು ಕೇಳಿ ಎರಡು ಗುಂಪು ಮಾಡಿದರೆ ಅದೇ ಸ್ನಾನ ದಿನದ ಸುಖವಾಗುತ್ತದೆ. ಹೊಸ ಟೈಲ್ಸಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಇಲ್ಲಿ ಹಾಕುವ ಮನಸ್ಸು ಬೇಕು.

ಊಟದಲ್ಲೂ ಹೀಗೆ. ಅಕ್ಕಿ ರೊಟ್ಟಿ, ಕಡುಬು, ಮಳೆಗಾಲಕ್ಕೆ ಕಳಲೆ, ಕೆಸುವಿನ ಪತ್ರೊಡೆ, ಭಾನುವಾರಕ್ಕೆ ಕೋಳಿ, ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನು ಈ ಸೀಮೆಯ ನಾಲಿಗೆಯ ರುಚಿಗಳು. ದಾನದ ಬಲದಲ್ಲಿ ನಡೆಯುವ ಬಹಳಷ್ಟು ಆಶ್ರಮಗಳಲ್ಲಿ ಅಡುಗೆ ಶುದ್ಧ ಸಸ್ಯಾಹಾರಿ. ಎಪ್ಪತ್ತು ವರ್ಷ ಮೀನುಸಾರು ಉಂಡವರಿಗೆ ಕೊನೆಯ ದಿನಗಳಲ್ಲಿ ಅದು ನಿಷಿದ್ಧವಾಗುವುದು ಸಣ್ಣ ನಷ್ಟವಲ್ಲ. ದಾನಿಗಳ ನಂಬಿಕೆಗೆ ಗೌರವ ಕೊಡಬೇಕು, ಉಣ್ಣುವವರ ನಾಲಿಗೆಗೂ ಕೊಡಬೇಕು. ದಾನಿಗಳು ಕಳಿಸುವ ಹೋಳಿಗೆ ಲಾಡುಗಳನ್ನು ಸಕ್ಕರೆ ಕಾಯಿಲೆಯವರ ಮುಂದಿಟ್ಟು ನೀವು ತಿನ್ನುವ ಹಾಗಿಲ್ಲ ಎನ್ನುವುದು, ಹಲ್ಲಿಲ್ಲದವರಿಗೆ ಚಪಾತಿ ಬಡಿಸುವುದು ಅಡುಗೆಮನೆಯಲ್ಲಿ ಯಾರೂ ಅವರನ್ನು ಕೇಳಿಲ್ಲ ಎಂಬುದರ ಗುರುತು.

ನೋಡಿಕೊಳ್ಳುವ ಕೈಗಳ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ 1985ರ ಆ ನಿವಾಸಿಗಳು ಮೊದಲು ಹೇಳಿದ್ದು ಅದನ್ನೇ. ಒಳ್ಳೆಯ ಸಹಾಯಕಿಯಷ್ಟೇ ಮುಖ್ಯವಾದದ್ದು ಅದೇ ಸಹಾಯಕಿ ನಾಳೆಯೂ ಇರುವುದು. ಇವರಿಗೆ ಎಡ ಕಿವಿ ಕೇಳಿಸುವುದಿಲ್ಲ, ಇವರು ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿಟ್ಟುಕೊಳ್ಳುತ್ತಾರೆ, ಇವರಿಗೆ ಗಂಡನ ಪುಣ್ಯತಿಥಿಯ ವಾರ ಊಟ ಸೇರುವುದಿಲ್ಲ ಎಂಬುದೆಲ್ಲ ಯಾವ ಫೈಲಿನಲ್ಲೂ ಇರುವುದಿಲ್ಲ. ಆರು ತಿಂಗಳಿಗೊಬ್ಬಳು ಬದಲಾದರೆ ಅಷ್ಟೂ ಅಳಿಸಿಹೋಗುತ್ತದೆ. ಸಂಬಳ ಕಡಿಮೆ, ರಾತ್ರಿ ಪಾಳಿ, ರಜೆ ಇಲ್ಲ, ಮೇಲೆ ಮಲಮೂತ್ರ ತೆಗೆಯುವವಳು ಎಂಬ ತಾತ್ಸಾರ. ತೋಟದ ಕೂಲಿಯೇ ವಾಸಿ ಎಂದು ಹೆಂಗಸರು ಹೊರಟುಬಿಡುತ್ತಾರೆ. ಬೆಂಗಳೂರಿನ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಸಂಸ್ಥೆಯ ಮನೆ 1900ರಿಂದ ಬಡ ಹಿರಿಯರನ್ನು ನೋಡಿಕೊಳ್ಳುತ್ತಾ ಬಂದಿದೆ. ಈ ಪಂಥದ ಮೂಲ 1839ರ ಫ್ರಾನ್ಸ್. ಜೀನ್ ಜುಗಾನ್ ಎಂಬಾಕೆ ಒಬ್ಬ ಕುರುಡು ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಈಗಲೂ ಸಿಸ್ಟರುಗಳು ಹಿರಿಯರಿರುವ ಮನೆಯಲ್ಲೇ ವಾಸಿಸುತ್ತಾರೆ. ಪಾಳಿ ಮುಗಿಸಿ ಹೋಗುವ ಪ್ರಶ್ನೆಯೇ ಅಲ್ಲಿಲ್ಲ. ಎಲ್ಲರೂ ಸನ್ಯಾಸಿನಿಯರಾಗಲು ಆಗದು. ಆದರೆ ಸುತ್ತಲಿನ ಹಳ್ಳಿಯ ಹೆಂಗಸರಿಗೆ ತರಬೇತಿ, ಬದುಕಲು ಸಾಕಾಗುವ ಸಂಬಳ, ಭವಿಷ್ಯನಿಧಿ ಕೊಟ್ಟರೆ ಅವರು ನಿಲ್ಲುತ್ತಾರೆ. ಭಾಷೆಯ ಅನುಕೂಲವೂ ಇದೆ. ಕಳಸದ ಕಡೆಯ ಅಜ್ಜಿ ಮಾತಾಡುವುದು ತುಳುವೋ ಮಲೆನಾಡಿನ ಕನ್ನಡವೋ ಆಗಿರುತ್ತದೆ, ಜ್ವರ ಬಂದಾಗಲಂತೂ ಬಾಯಿಗೆ ಬರುವುದು ಅದೊಂದೇ.

ಮರೆವಿನ ಕಾಯಿಲೆಯವರ ಪಾಡು ಇನ್ನೂ ಸೂಕ್ಷ್ಮ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು ಹಿರಿಯರ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಮಾಡಿದ ವೆಂಕೋಬರಾವ್ ಪಾತ್ರ ಕನ್ನಡದ ಮನೆಮನೆಗೂ ಈ ಕಾಯಿಲೆಯ ಪರಿಚಯ ಮಾಡಿಸಿತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥವರಿಗೆಂದೇ ಕೇಂದ್ರ ನಡೆಸುತ್ತಿದೆ. ನೆದರ್ಲೆಂಡ್ಸ್‌ನ ವೇಸ್ಪ್ ಊರಿನಲ್ಲಿ 2009ರಲ್ಲಿ ತೆರೆದ ಹೊಗೆವೇ ಎಂಬ ಪುಟ್ಟ ಗ್ರಾಮದಲ್ಲಿ ನಿವಾಸಿಗಳೆಲ್ಲ ಡಿಮೆನ್ಷಿಯಾ ಇರುವವರೇ. ಅಲ್ಲಿ ಅಂಗಡಿ, ಹೋಟೆಲು, ಬೀದಿ ಎಲ್ಲ ಇವೆ, ಅವರು ತಮ್ಮಷ್ಟಕ್ಕೆ ಓಡಾಡಿಕೊಂಡಿರುತ್ತಾರೆ. ಬಾಯಲ್ಲಿ ಹೇಳಲಾಗದವರು ನೆಮ್ಮದಿಯಾಗಿದ್ದಾರಾ ಎಂಬುದನ್ನು ಅವರ ನಿದ್ದೆ, ಹಸಿವು, ಸಂಜೆಯ ಚಡಪಡಿಕೆಯಿಂದ ತಿಳಿಯಬೇಕು. ದಿನವೂ ನೋಡುವ ಕಣ್ಣಿಗೆ ಮಾತ್ರ ಅದು ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬಹುಮಟ್ಟಿಗೆ ದುಡ್ಡು ಕಟ್ಟಬಲ್ಲ ಮನೆಗಳ ಮಾತು. ತೋಟದ ಲೈನುಮನೆಗಳಲ್ಲಿ ಬದುಕಿದ ಕಾರ್ಮಿಕರದು ಬೇರೆ ಕಥೆ. 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ ಕಾರ್ಮಿಕರಿಗೆ ವಸತಿ ಕೊಡುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. ಆದರೆ ಆ ವಸತಿ ಕೆಲಸಕ್ಕೆ ಅಂಟಿಕೊಂಡದ್ದು. ಕೈಕಾಲು ನಿಂತ ದಿನ ಮನೆಯೂ ಕೈಬಿಡುವ ಭಯ ಇದ್ದೇ ಇರುತ್ತದೆ. ಮಕ್ಕಳಲ್ಲಿ ಒಬ್ಬರಾದರೂ ಅದೇ ತೋಟದಲ್ಲಿ ದುಡಿಯುತ್ತಿದ್ದರೆ ಒಂದು ಮೂಲೆ ಉಳಿಯುತ್ತದೆ. 65 ದಾಟಿದ ಬಡವರಿಗೆ 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯಡಿ ಈಗ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ನಲವತ್ತು ವರ್ಷ ಹಣ್ಣು ಕೊಯ್ದು ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಗುರುತು ಹಿಡಿಯದೆ ಸತಾಯಿಸುವುದೂ ಉಂಟು. ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕಿನ ನೆರಿಯದ ಗಂಡಿಬಾಗಿಲಿನಲ್ಲಿರುವ ಸಿಯೋನ್ ಆಶ್ರಮದಂಥವು ದಿಕ್ಕಿಲ್ಲದವರಿಗೆ ಬಾಗಿಲು ತೆರೆದಿವೆ. ಅಂಥ ಜಾಗಕ್ಕೆ ಬಂದವರಿಗೆ ತಟ್ಟೆ ತುಂಬ ಅನ್ನ, ಮಲಗಲು ಬೆಚ್ಚಗಿನ ಜಾಗ ಸಿಕ್ಕರೆ ಅದೇ ದೊಡ್ಡ ಸಮಾಧಾನ ಎಂಬುದು ನಿಜ. ಹಾಗೆಂದು ಅವರಿಗೆ ಬೇರೇನೂ ಬೇಡ ಎಂದು ಉಳಿದವರು ತೀರ್ಮಾನಿಸಬಾರದು. ತನ್ನದೇ ಒಂದು ಟ್ರಂಕು, ಅದಕ್ಕೊಂದು ಬೀಗ, ಪಿಂಚಣಿಯ ದುಡ್ಡಿನಲ್ಲಿ ಎಲೆ ಅಡಿಕೆಗೆ ಇಪ್ಪತ್ತು ರೂಪಾಯಿ ಅವರಿಗೂ ಬೇಕು.

ಕಾನೂನು ಇದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 19ನೇ ಸೆಕ್ಷನ್ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರು ಇರಬಹುದಾದ ವೃದ್ಧಾಶ್ರಮದ ಮಾತಾಡುತ್ತದೆ. ನೋಡಿಕೊಳ್ಳುತ್ತೇವೆಂಬ ಷರತ್ತಿಗೆ ಒಪ್ಪಿ ಆಸ್ತಿ ಬರೆಸಿಕೊಂಡ ಮೇಲೆ ಕೈಬಿಟ್ಟವರ ದಾನಪತ್ರ ರದ್ದಾಗುವಂತೆ 23ನೇ ಸೆಕ್ಷನ್ ಇದೆ. ತೋಟಗಳಿರುವ ಈ ಜಿಲ್ಲೆಯ ಹಿರಿಯರು ಅದನ್ನು ತಿಳಿದಿರುವುದು ಒಳ್ಳೆಯದು. ಆದರೆ 150 ಜನರ ಒಂದೇ ಕಟ್ಟಡ ಎಂಬ ಕಲ್ಪನೆ ಬಯಲುಸೀಮೆಯ ಜಿಲ್ಲಾ ಕೇಂದ್ರವನ್ನು ಮನಸ್ಸಿನಲ್ಲಿಟ್ಟು ಬರೆದಂತಿದೆ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರು, ಅದೂ ತಿರುವುಗಳ ದಾರಿ. ಅಷ್ಟು ದೂರ ಹೋದವರನ್ನು ನೋಡಲು ಊರವರು ಎಷ್ಟು ಸಲ ಬಂದಾರು? 25 ಹಿರಿಯರ ಮನೆಗಳಿಗೂ ಅನುದಾನ ಕೊಡುವ ಯೋಜನೆ ಕೇಂದ್ರ ಸರ್ಕಾರದ ಬಳಿ ಇದೆ. ಬಣಕಲ್, ಕೊಟ್ಟಿಗೆಹಾರ, ಕಳಸದ ಕಡೆ ಅಂಥ ಚಿಕ್ಕ ಮನೆಗಳಾದರೆ ಪರಿಚಯದ ಮುಖ, ಪರಿಚಯದ ಮಾತು, ಪರಿಚಯದ ಅಡುಗೆ ತಾನಾಗಿ ಬರುತ್ತವೆ. ಮಕ್ಕಳಿಲ್ಲದೆ ಮುಚ್ಚಿ ಹೋದ ಸರ್ಕಾರಿ ಶಾಲೆಗಳ ಕಟ್ಟಡಗಳು ಮಲೆನಾಡಿನಲ್ಲಿ ಖಾಲಿ ಬಿದ್ದಿವೆ. ಹಗಲು ಹೊತ್ತಾದರೂ ಹಿರಿಯರು ಸೇರಿ ಉಂಡು ಮಾತಾಡಿ ಸಂಜೆ ಮನೆಗೆ ಮರಳುವ ಜಾಗವಾಗಿ ಅವನ್ನು ಮಾಡಿಕೊಳ್ಳಲು ಪಂಚಾಯಿತಿ ಮನಸ್ಸು ಮಾಡಿದರೆ ಸಾಕು.

ಈಗಾಗಲೇ ಆಶ್ರಮದಲ್ಲಿ ಇರುವವರಿಗೆ 14567 ಎಂಬ ಹಿರಿಯರ ಸಹಾಯವಾಣಿ ಇದೆ. ದುಡ್ಡು ಬೀಳುವುದಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನನ್ನು ನೋಡಲು ಹೋದವರು ಈ ಸಂಖ್ಯೆ ಎಲ್ಲಿ ಬರೆದಿದೆ, ಫೋನು ಎಲ್ಲಿದೆ ಎಂದು ಗಮನಿಸಬೇಕು. ಫೋನು ಆಫೀಸಿನ ಮೇಜಿನ ಮೇಲೆ, ವ್ಯವಸ್ಥಾಪಕರ ಎದುರಿಗೇ ಇದ್ದರೆ ಅದರಲ್ಲಿ ಯಾರೂ ದೂರು ಹೇಳಲಾರರು. ದೊಡ್ಡ ಅಂಕಿಗಳ ಒಂದು ಕೀಪ್ಯಾಡ್ ಮೊಬೈಲು, ಅದರಲ್ಲಿ ಮಗಳ ನಂಬರು, ಊರಿನ ಇಬ್ಬರ ನಂಬರು ಮತ್ತು ಈ ಸಂಖ್ಯೆ ಹಾಕಿ ಅವರ ದಿಂಬಿನ ಕೆಳಗೆ ಇಟ್ಟು ಬರಬಹುದು. ತಿಂಗಳಿಗೊಮ್ಮೆ ರೀಚಾರ್ಜು ಮರೆಯದೆ ಮಾಡಿಸಬೇಕು.